ಮಲ್ಲಿಗೆಯ ಮೇಲೆ ಹೊರಿಸಿದ ತಪ್ಪು

ಇವತ್ತು ಬೆಳಗಿನಿಂದ ಮಾಡಿದ ಕೆಲಸ ಇಷ್ಟು. ಕೊಟ್ಟಿಗೆಯ ಸಗಣಿ ಬಾಚಿದೆ. ಹಾಲು ಕರೆದು ಡೈರಿಗೆ ಹಾಕಿ ಬಂದೆ. ಅತ್ತೆಯ ಕಣ್ಣಿಗೆ ಔಷಧಿ ಬಿಟ್ಟೆ. ಬಿಟ್ಟದ್ದು ಕೆನ್ನೆಗೆ ಹೋಯಿತೆಂದು ಬೈಸಿಕೊಂಡು ಇನ್ನೊಂದು ಸಲ ಬಿಟ್ಟೆ. ರಾಗಿ ಹಿಟ್ಟು ಜರಡಿ ಹಿಡಿದೆ. ರೇಷ್ಮೆ ಹುಳದ ಮನೆಯ ಕಿಟಕಿಗೆ ಕಟ್ಟಿದ ಪರದೆಯಲ್ಲಿ ತೂತಾಗಿತ್ತು, ಅದನ್ನು ಹೊಲಿದೆ. ಒಣಮೆಣಸಿನಕಾಯಿಯನ್ನು ಹಳೆಯ ಚಂದ್ರಿಕೆಯ ಮೇಲೆ ಹರವಿ ಬಿಸಿಲಿಗಿಟ್ಟೆ. ಸಂಜೆ ಹೊಸ ಬೆಳೆಗೆ ಮರಿಹುಳ ಬರುವುದಿತ್ತು, ನೆಲಕ್ಕೆ ಚೆಲ್ಲಲು ಸುಣ್ಣ ಸಾಲಲಿಲ್ಲ. ಪಕ್ಕದ ಮುನಿರತ್ನಮ್ಮನ ಮನೆಗೆ ಮೊರ ಹಿಡಿದುಕೊಂಡು ಹೋದೆ. ಸುಣ್ಣದ ಜೊತೆಗೆ ಒಂದು ಮಾತನ್ನೂ ಹೊತ್ತು ತಂದೆ. ಆ ಮಾತು ಕೇಳಿದಾಗಿನಿಂದ ಹೊಟ್ಟೆಯಲ್ಲಿ ಮೆಣಸಿನಕಾಯಿ ಹರವಿದ ಹಾಗಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ಇಲ್ಲದಿದ್ದರೆ ನನಗೇನು ಬೇರೆ ಕೆಲಸವಿಲ್ಲವೇ.

ಮಾತು ಏನೆಂದು ಹೇಳುವ ಮೊದಲು ಚಂದ್ರಿಕೆಯ ವಿಷಯ ಹೇಳುತ್ತೇನೆ. ರೇಷ್ಮೆ ಬೆಳೆಯುವವರಿಗೆ ಇದು ಗೊತ್ತು, ಉಳಿದವರು ನೋಡಿರುತ್ತೀರೋ ಇಲ್ಲವೋ. ಆಳೆತ್ತರದ ಬಿದಿರಿನ ತಟ್ಟಿ, ಅದರ ಮೇಲೆ ಬಿದಿರಿನ ಪಟ್ಟಿಯನ್ನು ಚಕ್ಕುಲಿಯ ಹಾಗೆ ಸುತ್ತು ಸುತ್ತಾಗಿ ನಿಲ್ಲಿಸಿರುತ್ತಾರೆ. ಹುಳ ತಿನ್ನುವುದನ್ನು ಬಿಟ್ಟು ಹಣ್ಣಾದ ಮೇಲೆ ಆಯ್ದು ಇದರ ಮೇಲೆ ಬಿಟ್ಟರೆ ಆ ಸುತ್ತುಗಳ ಸಂದಿನಲ್ಲಿ ಕೂತು ಗೂಡು ಕಟ್ಟುತ್ತವೆ. ಈಗ ಪ್ಲಾಸ್ಟಿಕ್ಕಿನವು ಬಂದಿವೆ. ಹಳೆಯದು ನಮ್ಮಲ್ಲಿ ಮೆಣಸಿನಕಾಯಿಗೆ, ಸಂಡಿಗೆಗೆ, ಒಮ್ಮೊಮ್ಮೆ ಕೋಳಿ ಮುಚ್ಚಲು ಬಳಕೆಯಾಗುತ್ತದೆ.

ನನ್ನ ತವರು ಮಾಲೂರಿನ ಕಡೆ, ಲಕ್ಕೂರಿನ ಹತ್ತಿರ. ಅಲ್ಲೂ ಆಗ ಹುಳ ಸಾಕುತ್ತಿದ್ದೆವು. ಹಣ್ಣು ಹುಳ ಬಿಟ್ಟ ಚಂದ್ರಿಕೆಗಳನ್ನು ಗಾಳಿಯಾಡಲೆಂದು ಸಂಜೆ ಹೊರಗೆ ಗೋಡೆಗೆ ಒರಗಿಸುತ್ತಿದ್ದರು. ಒಂದು ಸಂಜೆ ನನ್ನ ಅಣ್ಣ ಸೈಕಲ್ ಟೈರನ್ನು ಕೋಲಿನಲ್ಲಿ ಹೊಡೆದುಕೊಂಡು ಓಡಿ ಬಂದವನು ಒಂದಕ್ಕೆ ಗುದ್ದಿದ. ಚಂದ್ರಿಕೆ ಮಕಾಡೆ ಬಿತ್ತು. ಅರ್ಧ ನೂಲು ಎಳೆದಿದ್ದ ಹುಳಗಳೆಲ್ಲ ಮಣ್ಣಿನಲ್ಲಿ. ನಾವಿಬ್ಬರೂ ಪೊರಕೆ ಯಾವ ದಿಕ್ಕಿನಿಂದ ಬರುತ್ತದೋ ಎಂದು ಕಾಯುತ್ತಾ ನಿಂತೆವು. ಅವ್ವ ಬಂದಳು, ನೋಡಿದಳು, ಸೆರಗು ಸಿಕ್ಕಿಸಿದಳು. ಕೇಳಿದ್ದು ಒಂದೇ ಪ್ರಶ್ನೆ.

“ಇದನ್ನ ದಾರೀಲಿ ಇಟ್ಟೋರು ಯಾರು?”

ಜಗಲಿಯ ಮೇಲೆ ಅಪ್ಪ ಕೆಮ್ಮಿದರು. ಇಟ್ಟವರು ಅವರೇ. ಎಂದಿನ ಗೋಡೆಯವರೆಗೆ ಹೊತ್ತುಕೊಂಡು ಹೋಗಲು ಬೇಜಾರಾಗಿ ದಾರಿಯಲ್ಲೇ ಒರಗಿಸಿದ್ದರು. ಅಣ್ಣನಿಗೆ ಪೆಟ್ಟು ಬೀಳಲಿಲ್ಲ ಎಂದುಕೊಳ್ಳಬೇಡಿ, ಒಂದು ಬಿತ್ತು. ಆದರೆ ಮಣ್ಣಿನಿಂದ ಹುಳ ಆಯಲು ಅವನ ಪಕ್ಕದಲ್ಲಿ ಅಪ್ಪನೂ ಕುಕ್ಕರಗಾಲಿನಲ್ಲಿ ಕೂರಬೇಕಾಯಿತು. ಅವ್ವ ನಿಂತುಕೊಂಡೇ ಇದ್ದಳು, ಕೊನೆಯ ಹುಳ ಎತ್ತುವವರೆಗೆ.

ಅವ್ವನ ರೀತಿಯೇ ಹಾಗೆ. ಹಾಲು ಉಕ್ಕಿದರೆ, ಒಲೆ ಮುಂದೆ ಇದ್ದವಳನ್ನು ಕೂಗಿದವರು ಯಾರು ಎಂದು ಕೇಳುತ್ತಿದ್ದಳು. ಕರು ಹಗ್ಗ ಬಿಚ್ಚಿಕೊಂಡು ಹಾಲು ಕುಡಿದುಬಿಟ್ಟರೆ, ಕಟ್ಟಿದವರು ಯಾರು ಎಂದು. ಒಡೆದವರನ್ನು ಆಮೇಲೆ ವಿಚಾರಿಸುವಳು. ಎಲ್ಲರ ಮನೆಯಲ್ಲೂ ಹೀಗೇ ಕೇಳುತ್ತಾರೆಂದು ನಾನು ನಂಬಿದ್ದೆ. ಮದುವೆಯಾಗಿ ಸುಗಟೂರಿನ ಕಡೆಯ ಈ ಊರಿಗೆ ಬಂದ ಮೇಲೆ ಗೊತ್ತಾಯಿತು, ಇಲ್ಲಿ ಮೊದಲ ಪ್ರಶ್ನೆ “ಯಾರು ಒಡೆದದ್ದು?” ಎಂಬುದು. ಎರಡನೆಯ ಪ್ರಶ್ನೆ ಇಲ್ಲವೇ ಇಲ್ಲ.

ಅದೂ ಎಲ್ಲರಿಗೂ ಒಂದೇ ಆಗಿದ್ದರೆ ನನಗೆ ಇಷ್ಟು ಸಿಟ್ಟಿರುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಕೋಲಾರದ ಬಸ್ ನಿಲ್ದಾಣದಲ್ಲಿ ಮಾಲೂರಿನ ಬಸ್ಸೆಂದುಕೊಂಡು ಶ್ರೀನಿವಾಸಪುರದ ಬಸ್ಸು ಹತ್ತಿದ್ದೆ. ಕಿಟಕಿ ಪಕ್ಕ ಸೀಟು ಸಿಕ್ಕಿತಲ್ಲ ಎಂಬ ಸಂತೋಷಕ್ಕೆ ಬೋರ್ಡು ನೋಡಲಿಲ್ಲ. ಎರಡೂ ಕಡೆ ಮಾವಿನ ತೋಪು ಶುರುವಾದಾಗಲೂ ನಮ್ಮ ಮಾಲೂರು ಎಷ್ಟು ಬದಲಾಗಿದೆ ಎಂದುಕೊಂಡೆ. ಅಂದಿನಿಂದ ಇಂದಿನವರೆಗೆ ಈ ಮನೆಯಲ್ಲಿ ನಾನು ಎಲ್ಲಿಗೆ ಹೊರಟರೂ “ಬೋರ್ಡು ನೋಡ್ಕೊಂಡು ಹತ್ತಮ್ಮ” ಎನ್ನುತ್ತಾರೆ. ತಲೆ ನರೆತರೂ ಬಿಟ್ಟಿಲ್ಲ. ಅದೇ ನಮ್ಮ ಮನೆಯವರು ಮುಳಬಾಗಿಲಿನಲ್ಲಿ ಸ್ನೇಹಿತರ ಮಗಳ ಮದುವೆಗೆಂದು ಹೋಗಿ, ಪಕ್ಕದ ಛತ್ರಕ್ಕೆ ನುಗ್ಗಿ, ಯಾರದೋ ಮದುವೆಯಲ್ಲಿ ಊಟ ಮಾಡಿ, ಗುರುತಿಲ್ಲದ ಗಂಡು ಹೆಣ್ಣಿಗೆ ಗೋಡೆ ಗಡಿಯಾರ ಉಡುಗೊರೆ ಕೊಟ್ಟು, ಫೋಟೋಕ್ಕೂ ನಿಂತು ಬಂದರು. ಅದನ್ನು ಯಾರೂ ತಪ್ಪು ಎನ್ನಲಿಲ್ಲ. “ನಮ್ಮಣ್ಣಂದು ಧಾರಾಳದ ಕೈ” ಎಂದು ಮೈದುನ ನಗುತ್ತಾನೆ. ನನ್ನದು ಪೆದ್ದುತನ, ಅವರದು ಧಾರಾಳ. ನೀವೇ ಹೇಳಿ.

ಮೈದುನನ ಮಾತು ಬಂದಿತಲ್ಲ, ಇನ್ನು ವಿಷಯಕ್ಕೆ ಬರುತ್ತೇನೆ.

ಮೈದುನ ಚಲಪತಿ ಟೊಮೆಟೊ ಬೆಳೆಯುತ್ತಾನೆ. ಅವನ ಹೆಂಡತಿ ನಾಗವೇಣಿ, ನನ್ನ ಓರಗಿತ್ತಿ, ಹುಳ ನೋಡಿಕೊಳ್ಳುತ್ತಿದ್ದಳು. ಅವಳ ತವರು ಮುಳಬಾಗಿಲಿನ ಆಚೆ, ಆಂಧ್ರದ ಗಡಿಯ ಹತ್ತಿರ. ಅಲ್ಲಿ ಅವರಿಗೆ ಹುಳದ ಗಂಧವೇ ಇರಲಿಲ್ಲ. ಇಲ್ಲಿಗೆ ಬಂದ ಹೊಸದರಲ್ಲಿ ಮುಟ್ಟಲು ಹೆದರಿ ಎಲೆಯಲ್ಲಿ ಹಿಡಿದು ಹುಳ ಎತ್ತುತ್ತಿದ್ದವಳು, ಬರಬರುತ್ತಾ ಹುಳದ ಮನೆಯನ್ನು ತನ್ನದೇ ಮಾಡಿಕೊಂಡಳು. ಹುಳ ಪೊರೆ ಬಿಡುವ ಮೊದಲು ತಿನ್ನದೆ ತಲೆಯೆತ್ತಿ ಸುಮ್ಮನೆ ಕೂರುತ್ತದೆ, ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಜ್ವರಕ್ಕೆ ಕೂತ ಹುಳದ ಹತ್ತಿರ ಅವಳು ಪಿಸುಮಾತಿನಲ್ಲೇ ಮಾತಾಡುವಳು. ಹುಳಕ್ಕೆ ಕಿವಿ ಇದೆಯೇನೇ ಎಂದು ನಾನು ರೇಗಿಸುತ್ತಿದ್ದೆ. ಅತ್ತೆಯ ಬಾಯಿ, ಮನೆಯ ಗಲಾಟೆ ಯಾವುದೂ ಒಳಗೆ ಬಾರದ ಜಾಗ ಅವಳಿಗೆ ಇದ್ದದ್ದು ಅದೊಂದೇ ಎಂದು ಆಗ ನನಗೆ ಹೊಳೆದಿರಲಿಲ್ಲ.

ನಮ್ಮ ಕಡೆ ಟೊಮೆಟೊ ಹೊಲವೂ ರೇಷ್ಮೆ ಸೊಪ್ಪಿನ ತೋಟವೂ ಅಕ್ಕಪಕ್ಕ ಇರುತ್ತವೆ, ನಮ್ಮ ಮನೆಯವೂ ಹಾಗೆಯೇ. ಟೊಮೆಟೊಗೆ ಹೊಡೆದ ಔಷಧಿ ಗಾಳಿಯಲ್ಲಿ ಬಂದು ಸೊಪ್ಪಿನ ಮೇಲೆ ಕೂತರೆ, ಆ ಸೊಪ್ಪು ತಿಂದ ಹುಳ ಉಳಿಯುವುದಿಲ್ಲ. ಅದಕ್ಕೇ ಊರಿನಲ್ಲಿ ಒಂದು ರೂಢಿ. ಔಷಧಿ ಹೊಡೆಯುವವನು ಹಿಂದಿನ ದಿನ ಅಕ್ಕಪಕ್ಕದ ಸೊಪ್ಪಿನವರ ಬಾಗಿಲಿಗೆ ಹೋಗಿ, ನಾಳೆ ಹೊಡೆಯುತ್ತೇನೆ, ಅಂಚಿನ ಸಾಲುಗಳ ಸೊಪ್ಪು ಕೊಯ್ಯಬೇಡಿ ಎಂದು ಹೇಳಿ ಬರಬೇಕು. ಎಂಥ ಜಗಳವಿದ್ದರೂ, ಮಾತು ಬಿಟ್ಟವರಾದರೂ, ಬೇಲಿಯ ಆಚೆ ನಿಂತಾದರೂ ಇದೊಂದನ್ನು ಹೇಳುತ್ತಾರೆ.

ಹಿಂದಿನ ಬೆಳೆಯಲ್ಲಿ ನಾಲ್ಕನೇ ಜ್ವರ ಎದ್ದ ಹುಳ ಹಗಲು ರಾತ್ರಿ ಮೇಯುತ್ತಿದ್ದ ಸಮಯ. ನಾಗವೇಣಿ ತವರಿನಲ್ಲಿ ಒಂದು ನಾಮಕರಣಕ್ಕೆ ಹೋಗಿ, ಹುಳಕ್ಕೆ ಸೊಪ್ಪಿನ ಹೊತ್ತಾಯಿತೆಂದು ಊಟ ಅರ್ಧಕ್ಕೇ ಬಿಟ್ಟು ಓಡಿ ಬಂದಿದ್ದಳು. ನಾನೂ ನಮ್ಮ ಮನೆಯವರೂ ಅತ್ತೆಯ ಕಣ್ಣು ತೋರಿಸಲು ಕೋಲಾರಕ್ಕೆ ಹೋಗಿದ್ದೆವು. ಅವಳು ಸೀರೆ ಬದಲಿಸಿ, ಕಾಲು ತೊಳೆದು, ಸೊಪ್ಪು ಕೊಯ್ದು ತಂದು ಹಾಕಿದಳು. ಮುಡಿಯಲ್ಲಿದ್ದ ಮಲ್ಲಿಗೆ ತೆಗೆಯಲು ಮರೆತಿದ್ದಳು. ಅಷ್ಟೇ. ಮಾರನೆಯ ದಿನ ಹುಳಗಳು ತಲೆ ಒದರಲು ಶುರು ಮಾಡಿದವು. ಹಸಿರು ನೀರು ಕಕ್ಕಿದವು. ಸಂಜೆಯ ಹೊತ್ತಿಗೆ ಹುಳ ಸಾಕುವ ಸ್ಟ್ಯಾಂಡಿನ ಅಷ್ಟೂ ಅಂಕಣಗಳಲ್ಲಿ ಹುಳ ಅಲ್ಲಾಡುವುದನ್ನು ನಿಲ್ಲಿಸಿದವು.

ಔಷಧಿಯ ವಿಷವೇ ಎಂದು ಎಲ್ಲರಿಗೂ ತಿಳಿಯಿತು. ಹೊಡೆಯುತ್ತೇನೆಂದು ಹೇಳಲು ಯಾರೂ ನಮ್ಮ ಬಾಗಿಲಿಗೆ ಬಂದಿರಲಿಲ್ಲ. ಎಲ್ಲಿಂದ ಬಂತು ಎಂಬ ಮಾತು ಬಂದಾಗ ಚಲಪತಿ ಬಾಗಿಲಿಗೆ ಒರಗಿ ನಿಂತು, ಪೇಟೆಯ ಹೂವಿಗೆ ಏನೇನೋ ಹೊಡೆದಿರುತ್ತಾರೆ, ಇವಳು ಅದನ್ನೇ ಮುಡಿದುಕೊಂಡು ಒಳಗೆ ಹೋಗಿದ್ದಾಳೆ ಎಂದ. ಹುಳಕ್ಕೆ ಊದುಬತ್ತಿಯ ವಾಸನೆಯೂ ಆಗದೆಂದು ನಂಬಿದ ಮನೆ ನಮ್ಮದು, ಮಲ್ಲಿಗೆ ಎಂದ ತಕ್ಷಣ ಎಲ್ಲರಿಗೂ ಸರಿಯೆನಿಸಿತು. ಅತ್ತೆ ತಿಪ್ಪೆಯವರೆಗೂ ಅವಳ ಹಿಂದೆಯೇ ನಡೆದು ಬೈದರು. ಇನ್ನು ಮೇಲೆ ಹುಳದ ಮನೆಯ ಹೊಸ್ತಿಲು ತುಳಿಯಬಾರದು ಎಂದಾಯಿತು. ಅವಳು ಸತ್ತ ಹುಳವನ್ನು ಮಂಕರಿಯಲ್ಲಿ ಹೊತ್ತು ಗುಂಡಿಗೆ ಸುರಿದಳು. ಅವತ್ತಿನಿಂದ ಒಳಗೆ ಹೋಗಿಲ್ಲ, ಹೂವನ್ನೂ ಮುಡಿದಿಲ್ಲ. ಊರಿನ ಹೆಂಗಸರು ಡೈರಿಯ ಹತ್ತಿರ ಅವಳನ್ನು ಕಂಡರೆ ಮೊದಲು ತಲೆಯ ಕಡೆ ನೋಡುತ್ತಾರೆ.

ಇವತ್ತು ಮುನಿರತ್ನಮ್ಮ ಮೊರಕ್ಕೆ ಸುಣ್ಣ ಸುರಿಯುತ್ತಾ, ಈ ಸಲವಾದರೂ ಜೋಪಾನವಮ್ಮ ಎಂದಳು. ಆಮೇಲೆ ಏನೂ ವಿಶೇಷವಿಲ್ಲದ ದನಿಯಲ್ಲಿ ಮುಂದುವರಿಸಿದಳು. ಅವತ್ತು ನಿಮ್ಮ ಚಲಪತಿ ಹಿಂದಿನ ದಿನವೇ ಬಂದು ಹೇಳಿದ್ದಕ್ಕೆ ನಮ್ಮ ಹುಳ ಬದುಕಿಕೊಂಡಿತು, ನಾವು ಅಂಚಿನ ಸೊಪ್ಪು ಮುಟ್ಟಲಿಲ್ಲ. ಪಾಪ, ನಿಮ್ಮ ಮನೆಯಲ್ಲೇ ಹಾಗಾಯಿತು ನೋಡಿ.

ಮೊರ ಅಲ್ಲೇ ಇಟ್ಟು ಕೂತೆ. ಅವಳು ನೀರು ತಂದುಕೊಟ್ಟಳು.

ಅಂದರೆ ಔಷಧಿ ಹೊಡೆದದ್ದು ಅವನು. ಊರಿನವರ ಬಾಗಿಲಿಗೆಲ್ಲ ಹೋಗಿ ಹೇಳಿದವನು. ಅವತ್ತಿನ ರಾತ್ರಿ ನಮ್ಮ ಜೊತೆಯಲ್ಲೇ ಕೂತು ಮುದ್ದೆ ನುಂಗಿದವನು. ನಮಗೆ ಹೇಳಲಿಲ್ಲ.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂರುವವರೆಗೆ ತಡೆದುಕೊಂಡೆ. ನಾನು ತಾಳ್ಮೆಯವಳೆಂದು ಹೆಸರು ತೆಗೆದುಕೊಂಡಿದ್ದೇನೆ. ಆ ಹೆಸರಿಗೆ ಇವತ್ತು ಎಷ್ಟು ಕಷ್ಟವಾಯಿತೆಂದು ಸಾರಿಗೆ ಎರಡು ಸಲ ಬಿದ್ದ ಉಪ್ಪೇ ಹೇಳುತ್ತಿತ್ತು. ಚಲಪತಿ ಮೊದಲ ತುತ್ತಿಗೇ ಮುಖ ಹಿಂಡಿ, ನಾಗವೇಣಿಯ ಕಡೆ ನೋಡಿದ.

“ಅವಳಲ್ಲ, ಉಪ್ಪು ಹಾಕಿದ್ದು ನಾನು” ಎಂದೆ. “ಔಷಧಿ ಹೊಡೆಯೋ ಹಿಂದಿನ ದಿನ ಮುನಿರತ್ನಮ್ಮನ ಬಾಗಿಲಿಗೆ ಹೋಗಿ ಹೇಳಿದ್ಯಂತೆ. ನಮ್ಮ ಬಾಗಿಲಿಗೆ ಯಾಕಪ್ಪಾ ಬರಲಿಲ್ಲ?”

“ಯಾವ ಔಷಧಿ ಅತ್ತಿಗೆ?”

“ಮಲ್ಲಿಗೆ ಹೂವಿಗೆ ಹೊಡೆದಿದ್ದಲ್ಲ. ಟೊಮೆಟೊಗೆ ಹೊಡೆದಿದ್ದು.”

ಅವನು ತಟ್ಟೆಯಲ್ಲಿ ಗುಂಡಿ ಮಾಡಿ ಸಾರು ಬಿಟ್ಟುಕೊಂಡ. “ಊರೋರಿಗೆ ಹೇಳ್ದೆ ಇದ್ರೆ ಜಗಳಕ್ಕೆ ಬರ್ತಾರೆ. ಮನೇರಿಗೂ ಬೇರೆ ಹೇಳ್ಬೇಕಾ ಅತ್ತಿಗೆ? ಮನೇಲೇ ಇರ್ತೀವಲ್ಲ, ಗೊತ್ತಿರುತ್ತೆ ಅಂದ್ಕೊಂಡೆ.”

ಗಾಳಿ ಆ ಕಡೆ ತಿರುಗಿದರೆ ಅವನೇನು ಮಾಡಿಯಾನು ಎಂದು ನಮ್ಮ ಮನೆಯವರು ಗಾಳಿಯನ್ನು ಹಿಡಿದು ತಂದು ನಿಲ್ಲಿಸಿದರು. ಗಂಡಸು ಹತ್ತು ಕಡೆ ಓಡಾಡುವವನು, ಒಂದು ಮಾತು ಮರೆಯುತ್ತಾನೆ, “ಪೋನೀಲೇ” ಎಂದರು ಅತ್ತೆ. ಅಂದರೆ ಹೋಗಲಿ ಬಿಡು. ನಮ್ಮ ಅತ್ತೆ ಬೈಯುವುದು ಕನ್ನಡದಲ್ಲಿ, ಮಾಫಿ ಮಾಡುವುದು ತೆಲುಗಿನಲ್ಲಿ. ನಾಗವೇಣಿಯ ತಾಯಿಭಾಷೆ ತೆಲುಗೇ, ಆದರೂ ಹುಳ ಸತ್ತ ದಿನದಿಂದ ಅವಳ ಪಾಲಿಗೆ ಒಂದು ಪೋನೀಲೇ ಬಿದ್ದದ್ದನ್ನು ನಾನು ಕಾಣೆ.

ನಾಗವೇಣಿ ಮುದ್ದೆಯ ಪಾತ್ರೆ ಹಿಡಿದುಕೊಂಡು ನಿಂತಿದ್ದಳು. “ನಂಗೆ ಗೊತ್ತಿತ್ತಕ್ಕ” ಎಂದಳು ಮೆಲ್ಲಗೆ. “ಹುಳ ಸತ್ತ ಮೇಲೆ ಅವರ ಅಂಗಿ ಒಗೆದೋಳು ನಾನೇ ಅಲ್ವಾ. ವಾಸನೆ ಇತ್ತು.”

“ಮತ್ತೆ ಯಾಕೆ ಹೇಳಲಿಲ್ವೇ?”

“ಹೇಳಿದ್ರೆ ನಂಬ್ತಿದ್ರಾ? ತಾನು ಮಾಡಿ ಗಂಡನ ಮೇಲೆ ಹಾಕ್ತಾಳೆ ಅಂತಿದ್ರಿ.”

ಅಂತಿದ್ರಿ ಎಂದಾಗ ಅವಳ ಕಣ್ಣು ಸಾಲಾಗಿ ಎಲ್ಲರ ಮೇಲೂ ಹಾದು ಹೋಯಿತು. ನನ್ನನ್ನು ಬಿಟ್ಟು ಹೋಗಲಿಲ್ಲ.

ಹಸುಗಳಿಗೆ ನೀರಿಡುವ ನೆಪದಲ್ಲಿ ಎದ್ದು ಬಂದೆ. ಬಕೆಟ್ಟು ತುಂಬುವಷ್ಟು ಹೊತ್ತು ಒಂದೇ ಯೋಚನೆ. ಮನುಷ್ಯ ಮರೆಯುತ್ತಾನೆ. ನಾನು ಬೋರ್ಡು ನೋಡಲು ಮರೆತೆ, ಅವಳು ಹೂ ತೆಗೆಯಲು ಮರೆತಳು, ಅವನು ಹೇಳಲು ಮರೆತ. ಇವು ತಪ್ಪುಗಳೇ, ಇವನ್ನು ಹೊಟ್ಟೆಗೆ ಹಾಕಿಕೊಳ್ಳದಿದ್ದರೆ ಸಂಸಾರ ನಡೆಯುವುದಿಲ್ಲ. ಆದರೆ ಮಾರನೆಯ ದಿನ ಹುಳ ತಲೆ ಒದರುವುದನ್ನು ಕಂಡಾಗ ಅವನಿಗೆ ನೆನಪಾಯಿತಲ್ಲ? ಇಲ್ಲದಿದ್ದರೆ ಮಲ್ಲಿಗೆಯ ಮಾತು ಅಷ್ಟು ಬೇಗ ಬಾಯಿಗೆ ಬರುತ್ತಿತ್ತೇ? ಅಲ್ಲಿಂದ ಮುಂದೆ, ಹೆಂಡತಿ ಹೂವಿಲ್ಲದ ತಲೆಯಲ್ಲಿ ಓಡಾಡುವುದನ್ನು ದಿನಾ ನೋಡುತ್ತಾ ಕಾಫಿ ಕುಡಿದನಲ್ಲ, ಅದನ್ನೂ ತಪ್ಪು ಎಂದೇ ಕರೆದರೆ ತಪ್ಪು ಮಾಡಿದವರಿಗೆಲ್ಲ ಅವಮಾನ. ಅದಕ್ಕೆ ಬೇರೆ ಹೆಸರು ಬೇಕು. ನನಗೆ ಹೊಳೆದ ಹೆಸರುಗಳನ್ನು ಇಲ್ಲಿ ಬರೆಯುವಂತಿಲ್ಲ. ಹಸುಗಳಿಗೆ ಹೇಳಿದೆ.

ಬಿಸಿಲು ಇಳಿದ ಮೇಲೆ ಮರಿಹುಳ ಬಂತು. ಎರಡು ಜ್ವರ ಮುಗಿಸಿದ ಹುಳವನ್ನು ತಟ್ಟೆಗಳಲ್ಲಿ ಆಟೋಕ್ಕೆ ಹಾಕಿಕೊಂಡು ತಂದುಕೊಡುತ್ತಾರೆ. ತಂದವನು ಬೇಗ ಇಳಿಸಿಕೊಳ್ಳಿ, ಇನ್ನೂ ಎರಡು ಊರಿದೆ ಎಂದು ಅವಸರ ಮಾಡಿದ. ಅತ್ತೆ ನನಗೆ ಒಳಗೆ ಹೋಗಿ ಕಾಗದ ಹಾಸು, ಸೊಪ್ಪು ಹಾಕು ಎಂದರು. ನಾನು ಜಗಲಿಯ ಮೇಲೆ ಬೀನ್ಸ್ ಬಿಡಿಸುತ್ತಾ ಕೂತಿದ್ದೆ.

“ನಾಗವೇಣಿ ಹೋದ್ರೆ ಹೋಗ್ತೀನಿ. ಇಲ್ದಿದ್ರೆ ಇಲ್ಲ” ಎಂದೆ.

ಈ ಮನೆಗೆ ಬಂದ ಮೇಲೆ ಅತ್ತೆಗೆ ನಾನು ಎದುರಾಡಿದ್ದು ಇದೇ ಮೊದಲಿರಬೇಕು. ದನಿ ಗಟ್ಟಿಯಾಗಿಯೇ ಬಂತು. ಆದರೆ ಆಮೇಲೆ ನೋಡಿದರೆ ಬೀನ್ಸಿನ ನಾರನ್ನೆಲ್ಲ ಪಾತ್ರೆಗೂ ಬೀನ್ಸನ್ನೆಲ್ಲ ಕಸಕ್ಕೂ ಹಾಕಿದ್ದೆ.

ನಮ್ಮ ಮನೆಯವರು ಅದೇನು ಹಟ ಎಂದರು. ಹುಳ ಹಸಿದಿದೆ ಎಂದರು. ಹೌದು, ಹಸಿದಿದೆ, ನೀವಿಬ್ಬರು ಗಂಡಸರಿದ್ದೀರಿ, ಸೊಪ್ಪು ಸಣ್ಣಗೆ ಹೆಚ್ಚಿ ಹಾಕಿ ಎಂದೆ. ಅಣ್ಣ ತಮ್ಮಂದಿರು ಒಬ್ಬರನ್ನೊಬ್ಬರು ನೋಡಿಕೊಂಡರು. ಆಟೋದವನು ಹಾರನ್ ಹೊಡೆದ. ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದರು, ಆಟೋ ನೋಡಿದರು, ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ನಾಗವೇಣಿಯನ್ನು ನೋಡಿದರು. ಗಂಟಲು ಸರಿ ಮಾಡಿಕೊಂಡರು.

“ಕಾಳ್ಳು ಕಡುಕ್ಕೊನಿ ಲೋಪಲಿಕಿ ಪೋಮ್ಮಾ.”

ಕಾಲು ತೊಳೆದುಕೊಂಡು ಒಳಗೆ ಹೋಗಮ್ಮ ಎಂದು, ತೆಲುಗಿನಲ್ಲಿ.

ನಾನು ಗೆದ್ದೆನೆಂದು ಎದ್ದೆ. ನಾಗವೇಣಿ ಮಾತ್ರ ನಿಂತಲ್ಲಿಂದ ಕದಲಲಿಲ್ಲ. ಗಂಡನ ಕಡೆ ತಿರುಗಿದಳು.

“ಮುನಿರತ್ನಮ್ಮನೋರ ಬಾಗಿಲಲ್ಲಿ ಏನಂದ್ರೋ ಅದನ್ನ ಇಲ್ಲೂ ಒಂದ್ಸಲ ಅನ್ನಿ. ಆಮೇಲೆ ಹೋಗ್ತೀನಿ.”

“ಇವತ್ತೆಲ್ಲಿ ಔಷಧಿ ಹೊಡೆದಿದ್ದೀನೇ?”

“ಮತ್ತೆ ಯಾವಾಗ ಹೊಡೀತೀರಿ?”

ಚಲಪತಿ ನಲ್ಲಿಯ ಕಡೆ ನೋಡಿದ, ಮೆಣಸಿನಕಾಯಿ ನೋಡಿದ. ಆಟೋದವನೂ ಈಗ ಹಾರನ್ ಬಿಟ್ಟು ಇತ್ತಲೇ ನೋಡುತ್ತಿದ್ದ. ಕೊನೆಗೆ ಚಲಪತಿ ತನ್ನ ಮನೆಯ ಅಂಗಳದಲ್ಲಿ, ಯಾರದೋ ಬೇಲಿಯ ಆಚೆ ನಿಂತವನ ಹಾಗೆ, ಲುಂಗಿ ಸರಿ ಮಾಡಿಕೊಂಡು ಹೇಳಿದ. “ನಾಡಿದ್ದು ಹೊಡೀತೀನಿ. ಅಂಚಿನ ಸಾಲು ಸೊಪ್ಪು ಕೊಯ್ಬೇಡ.”

“ಎಷ್ಟು ದಿನ?”

“ಹೇಳ್ತೀನಿ. ನಾನೇ ಬಂದು ಹೇಳ್ತೀನಿ.”

ಅವಳು ಕಾಲು ತೊಳೆದುಕೊಂಡಳು, ಸುಣ್ಣ ತುಳಿದು ಒಳಗೆ ಹೋದಳು. ಹಿಂದೆ ನಾನು ತಟ್ಟೆ ಹಿಡಿದುಕೊಂಡು ಹೋದೆ. ಅವಳು ಮರಿಹುಳದ ಮೇಲೆ ಬಗ್ಗಿ ಅದೇನೋ ಪಿಸುಗುಟ್ಟಿದಳು. ಈ ಸಲ ನಾನು ರೇಗಿಸಲಿಲ್ಲ.

ನೀವು ಇಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಳ್ಳುವಿರಿ. ನನಗೆ ಹಾಗೆ ಅನಿಸುತ್ತಿಲ್ಲ. ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ನಾಡಿದ್ದಿನ ಮಾತು ಬಂತು, ಅವತ್ತಿನದು ಬರಲಿಲ್ಲ. ಕತ್ತಲಾಗುವ ಮೊದಲು ಊರ ಮುಂದಿನ ಅಂಗಡಿಗೆ ಹೋಗಿ ಬಾಳೆ ಎಲೆಯಲ್ಲಿ ಮಲ್ಲಿಗೆ ಕಟ್ಟಿಸಿಕೊಂಡು ಬಂದು ಹುಳದ ಮನೆಯ ಬಾಗಿಲಲ್ಲಿ ನಿಂತ. ನಾಗವೇಣಿ ಸೊಪ್ಪು ಹೆಚ್ಚುತ್ತಾ ತಲೆಯೆತ್ತದೆ, “ಹುಳಕ್ಕಾಗಲ್ಲ, ಹೊರಗಿಡಿ” ಎಂದಳು. ಪೊಟ್ಟಣ ಹೊರಗಿನ ಕಿಟಕಿಯ ಮೇಲೆ ಕೂತಿತು. ಬಾಡಿದರೆ ಬಾಡಲಿ.

ರಾತ್ರಿ ಮುದ್ದೆ, ಕಸದಿಂದ ಆಯ್ದು ತೊಳೆದ ಬೀನ್ಸಿನ ಸಾರು, ಅತ್ತೆಗೆ ಒಂದು ಲೋಟ ಮಜ್ಜಿಗೆ. ಉಪ್ಪು ಸರಿಯಾಗಿತ್ತು, ಯಾರೂ ಹೇಳಲಿಲ್ಲ. ಚಲಪತಿ ಉಂಡವನು ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದು ಹೋಗಿ ಚಾಪೆಯ ಮೇಲೆ ಉರುಳಿದ. ದಿನಾ ನಾಗವೇಣಿ ಎತ್ತುತ್ತಿದ್ದಳು. ಇವತ್ತು ಅವಳು ತನ್ನ ತಟ್ಟೆ ತೊಳೆದುಕೊಂಡು ಹುಳ ನೋಡಲು ಹೋದಳು. ನಾನೂ ನನ್ನದು ತೊಳೆದುಕೊಂಡೆ. ನಮ್ಮ ಮನೆಯವರು ಒಂದು ಕ್ಷಣ ನನ್ನ ಮುಖ ನೋಡಿ, ತಮ್ಮ ತಟ್ಟೆಯನ್ನು ತಾವೇ ನಲ್ಲಿಯ ಹತ್ತಿರ ಒಯ್ದರು.

ದೀಪ ಆರಿಸುವ ಹೊತ್ತಿಗೆ ಅತ್ತೆ ನೀರು ಕುಡಿಯಲು ಎದ್ದು ಬಂದರು. ಕಾಲಿಗೆ ತಟ್ಟೆ ತಾಗಿ, ಅದು ಮನೆಯೆಲ್ಲ ಸದ್ದು ಮಾಡುತ್ತಾ ಹೊಸ್ತಿಲವರೆಗೆ ಉರುಳಿತು. ಅತ್ತೆ ಗೋಡೆ ಹಿಡಿದು ನಿಂತು ಕೇಳಿದರು.

“ಇದನ್ನ ದಾರೀಲಿ ಇಟ್ಟೋರು ಯಾರು?”

ನಾನು ಎದ್ದು ಕೂತೆ. ಹುಳದ ಮನೆಯಿಂದ ಬರುತ್ತಿದ್ದ ನಾಗವೇಣಿ ಬಾಗಿಲಲ್ಲೇ ನಿಂತಳು. ಉತ್ತರ ಹೇಳಬೇಕಾದವನು ಎಲ್ಲರಿಗಿಂತ ಮೊದಲೇ ನಿದ್ದೆ ಹೋಗಿದ್ದ.